ಎಡಿಎಚ್‌ಡಿ ಇರುವ ಮಗುವಿಗೆ ಹೋಂವರ್ಕ್ ಮಾಡಿಸುವ ಬಗೆ

"ಕೈ ತೊಳ್ಕೊಂಡು, ಗಣಿತದ ಪುಸ್ತಕ ತೆಗೆದು, 42ನೇ ಪುಟದ ಮೊದಲ ಐದು ಲೆಕ್ಕ ಮಾಡು" ಎಂದು ಒಂದೇ ಉಸಿರಿಗೆ ಹೇಳಿದರೆ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆ ಹೆಚ್ಚಿರುವ ತೊಂದರೆ) ಇರುವ ಮಗು ಕೈ ತೊಳೆದು ಅಲ್ಲೇ ನಿಂತುಬಿಡಬಹುದು. ಮಾತು ಕೇಳಿಸಿದೆ, ಅರ್ಥವೂ ಆಗಿದೆ. ಆದರೆ ಒಂದು ಕೆಲಸ ಮಾಡುತ್ತಲೇ ಮುಂದಿನದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ, ಅಂದರೆ ವರ್ಕಿಂಗ್ ಮೆಮೊರಿ, ಈ ಮಕ್ಕಳಲ್ಲಿ ಅನೇಕರಿಗೆ ಕಡಿಮೆ. ಬೈದರೆ ಅದು ಹೆಚ್ಚುವುದಿಲ್ಲ. ನೆನಪು ಬೆಳೆಸುತ್ತೇವೆನ್ನುವ ಕಂಪ್ಯೂಟರ್ ಆಟಗಳಿಂದ ಮಗು ಆ ಆಟದಲ್ಲಿ ಚುರುಕಾಗುತ್ತದೆ, ಪಾಠಕ್ಕೆ ಅದು ಅಷ್ಟಾಗಿ ಒದಗುವುದಿಲ್ಲ. ಆದ್ದರಿಂದ ನೆನಪಿಡಬೇಕಾದ್ದನ್ನು ಮಗುವಿನ ಕಣ್ಣಿಗೆ ಬೀಳುವಂತೆ ಮೇಜಿನ ಮೇಲೇ ಇಟ್ಟುಬಿಡಿ.

ಅಂಗೈಯಗಲದ ಮೂರರಿಂದ ಐದು ರಟ್ಟಿನ ಚೀಟಿ ಸಾಕು. ಒಂದು ಚೀಟಿಗೆ ಒಂದೇ ಕೆಲಸ: "ಪುಸ್ತಕ ತೆಗೆ", "1ರಿಂದ 3ನೇ ಲೆಕ್ಕ ಮಾಡು", "ಬ್ಯಾಗಿಗೆ ಹಾಕು". ಓದಲು ಬಾರದಿದ್ದರೆ ಚಿತ್ರ ಬರೆಯಿರಿ. ಮುಗಿದ ಚೀಟಿಯನ್ನು ಮಗುವೇ ಡಬ್ಬಿಗೆ ಹಾಕಲಿ. ಹತ್ತು ಚೀಟಿ ಒಟ್ಟಿಗೆ ಹರಡಿದರೆ ಮತ್ತೆ ಮೊದಲಿನ ಪಾಡೇ. "ಅರ್ಥ ಆಯ್ತಾ?" ಎಂದರೆ ಎಲ್ಲ ಮಕ್ಕಳೂ ಹೂಂ ಅನ್ನುತ್ತಾರೆ, "ಈಗ ಮೊದಲು ಏನು ಮಾಡ್ತೀಯ?" ಎಂದು ಕೇಳಿ.

ಕೂರಿಸುವ ಹೊತ್ತನ್ನು ಊಹೆಯ ಮೇಲೆ ಗೊತ್ತುಮಾಡಬೇಡಿ. ಮೂರು ದಿನ ಸುಮ್ಮನೆ ಗಮನಿಸಿ, ಎಷ್ಟು ನಿಮಿಷಕ್ಕೆ ಮಗು ಏಳುತ್ತದೆ ಎಂದು ಬರೆದುಕೊಳ್ಳಿ. ಹತ್ತಕ್ಕೆ ಏಳುವುದಾದರೆ ಟೈಮರ್ ಎಂಟಕ್ಕಿರಲಿ. ತಾಳ್ಮೆ ತಪ್ಪುವ ಮೊದಲೇ ಬಿಡುವು ಸಿಕ್ಕಬೇಕು. ಬಿಡುವು ಮೂರರಿಂದ ಐದು ನಿಮಿಷ: ನೀರು ಕುಡಿಯುವುದು, ಕುಣಿಯುವುದು. ಬಿಡುವಿನಲ್ಲಿ ಮೊಬೈಲ್ ಕೊಟ್ಟರೆ ಮರಳಿ ಕೂರಿಸುವುದೇ ಜಗಳವಾಗುತ್ತದೆ.

ಬಹಳ ಉಪಯೋಗಕ್ಕೆ ಬರುವುದು ಕಲಿಯುವ ಭಾರವನ್ನೂ ನೆನಪಿನಲ್ಲಿ ಹೊರುವ ಭಾರವನ್ನೂ ಬೇರ್ಪಡಿಸುವುದು. ಭಾಗಾಕಾರ ಕಲಿಯುವಾಗ ಮಗ್ಗಿಯ ಪಟ್ಟಿ ಎದುರಿಗಿರಲಿ. ಇದು ಕಾಪಿ ಹೊಡೆಸಿದಂತಲ್ಲ: ಇವತ್ತಿನ ಪಾಠ ಭಾಗಾಕಾರದ ಕ್ರಮ, ಮಗ್ಗಿಗೆ ಬೇರೆ ಹೊತ್ತಿದೆ. ಪ್ರಬಂಧವಾದರೆ ಮಗು ಬಾಯಲ್ಲಿ ಹೇಳಲಿ, ನೀವು ಒಂದೊಂದು ಪದದಲ್ಲಿ ಗುರುತು ಹಾಕಿ, ಆಮೇಲೆ ಅದನ್ನು ನೋಡಿಕೊಂಡು ಮಗು ಬರೆಯಲಿ. ಯೋಚಿಸುವುದು, ಅಕ್ಷರ ಮೂಡಿಸುವುದು, ಕಾಗುಣಿತ ಮೂರೂ ಒಟ್ಟಿಗೆ ಬಂದಾಗಲೇ ಪೆನ್ಸಿಲ್ ನಿಲ್ಲುವುದು. ಇಷ್ಟೆಲ್ಲ ಮಾಡಿದರೂ ಓದು ತೀರಾ ನಿಧಾನವಿದ್ದು ಕಾಗುಣಿತ ಹತ್ತದಿದ್ದರೆ ಡಿಸ್ಲೆಕ್ಸಿಯಾ (ಓದು ಬರಹ ಕಲಿಯುವುದರಲ್ಲಿನ ತೊಡಕು) ಪರೀಕ್ಷೆ ಮಾಡಿಸಿ. ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಎರಡೂ ಜೊತೆಗಿರುವುದು ಅಪರೂಪವೇನಲ್ಲ.

ಮೆಚ್ಚುಗೆ ಆ ಕ್ಷಣವೇ ಸಿಗಲಿ, ಮಾಡಿದ್ದೇನೆಂದು ಹೆಸರಿಸಿ: "ಟೈಮರ್ ಹೊಡೆದ ತಕ್ಷಣ ಬಂದು ಕೂತೆ." ತಿಂಗಳ ಕೊನೆಗೆ ಸೈಕಲ್ ಎಂಬ ಮಾತು ಈ ಮಕ್ಕಳಿಗೆ ಬಹಳ ದೂರದ್ದು. ಸ್ಟಿಕರ್ ಚಾರ್ಟ್ ಕೆಲವು ವಾರಕ್ಕೆ ಹಳಸುತ್ತದೆ. ಆಗ ಬಹುಮಾನ ಬದಲಿಸಿ, ಪದ್ಧತಿಯನ್ನೇ ಕೈಬಿಡಬೇಡಿ.

ಔಷಧಿ ತೆಗೆದುಕೊಳ್ಳುವ ಮಗುವಾದರೆ ಹೊತ್ತು ನೋಡಿಕೊಳ್ಳಿ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧಿಯಲ್ಲಿ ಬೇಗ ಇಳಿಯುವ ಬಗೆಯದು ಕೆಲಸ ಮಾಡುವುದು ಸುಮಾರು ನಾಲ್ಕು ಗಂಟೆ. ಬೆಳಗಿನ ಮಾತ್ರೆ ಸಂಜೆಯ ಹೋಂವರ್ಕ್‌ಗೆ ಉಳಿದಿರುವುದಿಲ್ಲ. ಡೋಸ್ ನೀವೇ ಬದಲಿಸಬೇಡಿ. ಮಾತ್ರೆ ಕೊಟ್ಟ ಸಮಯ, ಗಮನ ತಪ್ಪಿದ ಸಮಯ ಎರಡನ್ನೂ ಒಂದು ವಾರ ಬರೆದಿಟ್ಟು ವೈದ್ಯರಿಗೆ ತೋರಿಸಿ.

ದಿನವಿಡೀ ತಪ್ಪೆಣಿಸಿಕೊಳ್ಳುವ ಮಗು "ನಾನು ದಡ್ಡ" ಎಂದು ನಂಬಲು ತಡವಾಗುವುದಿಲ್ಲ. ಮಕ್ಕಳಲ್ಲಿ ಖಿನ್ನತೆ ಅಳುವಿನ ಬದಲು ಸಿಡುಕಾಗಿಯೂ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಅದನ್ನು ಎಡಿಎಚ್‌ಡಿಯ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುವ ಅಪಾಯವಿದೆ. ಹೊಸದಾಗಿ ಶುರುವಾದ ಸಿಡುಕು, ನಿದ್ದೆಗೆಡುವುದು, ಇಷ್ಟದ ಆಟವೂ ಬೇಡವಾಗುವುದು ಎರಡು ವಾರ ಮುಂದುವರಿದರೆ ಮನೋವೈದ್ಯರನ್ನು ಕಾಣಿ. ಶಾಲೆಯ ದಿನ ಮಾತ್ರ ಬರುವ ಹೊಟ್ಟೆನೋವು ಆತಂಕದ್ದಿರಬಹುದು. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡದೆ ಅವತ್ತೇ ವೈದ್ಯರ ಬಳಿ ಕರೆದೊಯ್ಯಿರಿ.

ಶಿಕ್ಷಕರೊಂದಿಗೆ ಒಂದು ಮಿತಿ ಒಪ್ಪಿಕೊಳ್ಳಿ: ಇಷ್ಟು ನಿಮಿಷ ಪ್ರಾಮಾಣಿಕವಾಗಿ ಕೂತರೆ ಉಳಿದ ಲೆಕ್ಕ ಬಿಡಬಹುದು ಎಂದು. ಮಗು ಎರಡು ವಾರ ಚೀಟಿ ನೋಡದೆಯೇ ಮಾಡಿದ ಕೆಲಸವಿದ್ದರೆ ಅದರ ಚೀಟಿಯನ್ನು ಮೇಜಿನಿಂದ ತೆಗೆದುಬಿಡಿ, ಒಂದು ಸಲಕ್ಕೆ ಒಂದೇ. ಪರೀಕ್ಷೆಯ ಹೊತ್ತಿಗೋ ಜ್ವರ ಬಂದು ಎದ್ದ ಮೇಲೋ ತಡವರಿಸಿದರೆ ಅದೇ ಚೀಟಿ ಮೇಜಿಗೆ ಮರಳಲಿ.