ಟಿವಿ ಪರದೆಯ ಮೇಲೆ ಮೂಡುವ ಚಿಹ್ನೆಗಳನ್ನು ಓದುವುದು ಹೇಗೆ

ಟಿವಿಯಲ್ಲಿ ಚಲನಚಿತ್ರವನ್ನೋ ಸುದ್ದಿಯನ್ನೋ ನೋಡುತ್ತಿರುವಾಗ ಪರದೆಯ ಅಂಚಿನಲ್ಲಿ ಒಂದು ಅಕ್ಷರ, ಒಂದು ಚುಕ್ಕೆ, ಒಂದು ಕಿವಿಯ ಚಿತ್ರ ಅಥವಾ ತಲೆಬುಡ ತಿಳಿಯದ ಉದ್ದನೆಯ ಸಂಖ್ಯೆ ಕಾಣಿಸಿಕೊಂಡು ಮರೆಯಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಅದರ ಅರ್ಥವನ್ನು ಹುಡುಕುವ ಮೊದಲು ಅದನ್ನು ಅಲ್ಲಿಟ್ಟವರು ಯಾರೆಂದು ತಿಳಿದುಕೊಳ್ಳಬೇಕು. ಕಾರ್ಯಕ್ರಮವನ್ನು ತಯಾರಿಸಿದವರು, ಅದನ್ನು ಪ್ರಸಾರ ಮಾಡುವ ಚಾನೆಲ್, ಸಿಗ್ನಲ್ಲನ್ನು ಬಿಡಿಸಿಕೊಡುವ ಸೆಟ್‌ಟಾಪ್ ಬಾಕ್ಸ್, ಕೊನೆಗೆ ಟಿವಿ ಸೆಟ್, ಈ ನಾಲ್ಕೂ ಕಡೆಯಿಂದ ಗುರುತುಗಳು ಬಂದು ಒಂದೇ ಚಿತ್ರದ ಮೇಲೆ ಪದರ ಪದರವಾಗಿ ಕೂರುತ್ತವೆ. ಪದರ ಯಾವುದೆಂದು ಗೊತ್ತಾದರೆ ಅರ್ಧ ಅರ್ಥ ಸಿಕ್ಕಂತೆಯೇ.

ಪರೀಕ್ಷೆ ಸುಲಭವಾಗಿದೆ. ಚಿಹ್ನೆ ಕಂಡಾಗ ಬೇರೆ ಚಾನೆಲ್‌ಗೆ ಹೋಗಿ. ಅದು ಮಾಯವಾದರೆ ಚಾನೆಲ್‌ನದು ಅಥವಾ ಕಾರ್ಯಕ್ರಮದ್ದು. ಯಾವ ಚಾನೆಲ್‌ಗೆ ಹೋದರೂ ಜೊತೆಯಲ್ಲೇ ಬಂದರೆ ಅದು ಬಾಕ್ಸ್ ಅಥವಾ ಟಿವಿ ಸೆಟ್ ಬರೆದದ್ದು. ಆಗ ಟಿವಿಯ ರಿಮೋಟಿನಿಂದ ಇನ್‌ಪುಟ್ ಬದಲಿಸಿ, ಬಾಕ್ಸ್‌ನ ಬದಲು ಬೇರೊಂದು ಮೂಲವನ್ನು ಆರಿಸಿ ನೋಡಿ. ಗುರುತು ಇನ್ನೂ ಅಲ್ಲೇ ಇದ್ದರೆ ಅದು ಟಿವಿಯದೇ. ಈ ಜಾಗ್ರತೆ ಏಕೆ ಬೇಕೆಂದರೆ, ಒಂದೇ ಅಕ್ಷರಕ್ಕೆ ಬೇರೆ ಬೇರೆ ಕಡೆ ಬೇರೆ ಬೇರೆ ಅರ್ಥವಿದೆ. ‘ಎಸ್’ ಎಂಬ ಅಕ್ಷರ ಭಾರತದ ಚಲನಚಿತ್ರ ಪ್ರಮಾಣಪತ್ರದಲ್ಲಿ ವೈದ್ಯರಂತಹ ವಿಶೇಷ ವರ್ಗದವರಿಗೆ ಮಾತ್ರ ಮೀಸಲಾದ ಚಿತ್ರವನ್ನು ಸೂಚಿಸಿದರೆ, ಅಮೆರಿಕದ ಟಿವಿ ವರ್ಗೀಕರಣದಲ್ಲಿ ಅದೇ ಅಕ್ಷರ ಲೈಂಗಿಕ ಸನ್ನಿವೇಶಗಳಿವೆ ಎಂಬ ಎಚ್ಚರಿಕೆಯಾಗಿರುತ್ತದೆ.

ಕಾರ್ಯಕ್ರಮದ ಆರಂಭದಲ್ಲಿ ಮೂಲೆಯಲ್ಲಿ ಬರುವ ಅಕ್ಷರ ಅಥವಾ ಸಂಖ್ಯೆ ಬಹುಮಟ್ಟಿಗೆ ವಯಸ್ಸಿನ ವರ್ಗೀಕರಣಕ್ಕೆ ಸೇರಿದ್ದು. ಭಾರತದಲ್ಲಿ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಒಟಿಟಿ ವೇದಿಕೆಗಳಿಗೆ ಐದು ಹಂತಗಳನ್ನು ನಿಗದಿಪಡಿಸಿದವು: ಎಲ್ಲರಿಗೂ ಸಲ್ಲುವ ‘ಯು’, ನಂತರ ‘ಯು/ಎ 7+’, ‘ಯು/ಎ 13+’, ‘ಯು/ಎ 16+’, ಕೊನೆಗೆ ವಯಸ್ಕರಿಗೆ ಮಾತ್ರವಾದ ‘ಎ’. ಇಲ್ಲಿರುವ ಸಂಖ್ಯೆಯನ್ನು ಹಲವರು ತಪ್ಪಾಗಿ ಓದುತ್ತಾರೆ. ‘ಯು/ಎ 13+’ ಎಂದರೆ ಹದಿಮೂರು ತುಂಬದವರಿಗೆ ನಿಷೇಧ ಎಂದಲ್ಲ. ಅದಕ್ಕಿಂತ ಚಿಕ್ಕವರು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದು ಎಂದರ್ಥ. ಈ ಹಂತದಿಂದ ಮೇಲಿನ ಕಾರ್ಯಕ್ರಮಗಳಿಗೆ ಬೀಗ ಹಾಕುವ ಸೌಲಭ್ಯವನ್ನು ವೇದಿಕೆಗಳು ಒದಗಿಸಲೇಬೇಕು. ಆದ್ದರಿಂದ ಮಕ್ಕಳಿರುವ ಮನೆಯಲ್ಲಿ ಆ ಸಂಖ್ಯೆಯನ್ನು ಓದಿ ಸುಮ್ಮನಾಗದೆ, ಸೆಟ್ಟಿಂಗ್‌ಗಳಿಗೆ ಹೋಗಿ ಪಿನ್ ಇಡುವುದು ಮುಂದಿನ ಹೆಜ್ಜೆ.

ಅಮೆರಿಕದಲ್ಲಿ 1997ರಿಂದ ಬಳಕೆಯಲ್ಲಿರುವ ವ್ಯವಸ್ಥೆಯಲ್ಲಿ ‘ಟಿವಿ-ಜಿ’ ಎಲ್ಲರಿಗೂ, ‘ಟಿವಿ-ಪಿಜಿ’ ಹೆತ್ತವರ ಮಾರ್ಗದರ್ಶನದಲ್ಲಿ, ‘ಟಿವಿ-14’ ಹದಿನಾಲ್ಕು ದಾಟಿದವರಿಗೆ, ‘ಟಿವಿ-ಎಂಎ’ ಪ್ರೌಢರಿಗೆ. ಇವುಗಳ ಕೆಳಗೆ ಬರುವ ಚಿಕ್ಕ ಅಕ್ಷರಗಳು ದೊಡ್ಡ ಅಕ್ಷರಗಳಿಗಿಂತ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ: ‘ಡಿ’ ಎಂದರೆ ದ್ವಂದ್ವಾರ್ಥದ ಮಾತು, ‘ಎಲ್’ ಒರಟು ಭಾಷೆ, ‘ವಿ’ ಹಿಂಸೆ, ‘ಎಫ್‌ವಿ’ ಮಕ್ಕಳ ಕಾರ್ಯಕ್ರಮಗಳಲ್ಲಿ ಬರುವ ಕಾಲ್ಪನಿಕ ಹಿಂಸೆ. ಏಕೆ ಆ ವಯಸ್ಸು ಎಂಬುದಕ್ಕೆ ಉತ್ತರ ಇಲ್ಲಿದೆ. ನೆದರ್ಲೆಂಡ್ಸ್ 2001ರಲ್ಲಿ ತಂದ ವ್ಯವಸ್ಥೆಯಂತೂ ಅಕ್ಷರಗಳನ್ನು ಬಿಟ್ಟು ಚಿತ್ರಗಳನ್ನೇ ಬಳಸಿತು: ಜೇಡವೆಂದರೆ ಭಯ, ಬಿಗಿದ ಮುಷ್ಟಿಯೆಂದರೆ ಹಿಂಸೆ. ಓದು ಬಾರದ ಮಗುವೂ ಜೇಡವನ್ನು ಗುರುತಿಸುತ್ತದೆ. ಫ್ರಾನ್ಸಿನ ವಾಹಿನಿಗಳಲ್ಲಿ ವೃತ್ತದೊಳಗೆ ಕಳೆಯುವ ಗುರುತಿನೊಂದಿಗೆ 10, 12, 16 ಅಥವಾ 18 ಎಂಬ ಅಂಕಿ ಬರುತ್ತದೆ. ಆ ವಯಸ್ಸು ತುಂಬದವರಿಗೆ ಕಾರ್ಯಕ್ರಮ ತಕ್ಕದ್ದಲ್ಲ ಎಂದು ಅದರ ತಾತ್ಪರ್ಯ.

ಇನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿದಿರುವ ಚಿಹ್ನೆಗೆ ಬರುತ್ತೇನೆ. ಚಿಕ್ಕ ಚೌಕದೊಳಗೆ ‘ಸಿಸಿ’ ಎಂಬ ಎರಡು ಅಕ್ಷರಗಳು ಕಂಡರೆ, ಆ ಕಾರ್ಯಕ್ರಮದ ಮಾತನ್ನು ಅಕ್ಷರರೂಪದಲ್ಲಿ ಓದುವ ಸೌಲಭ್ಯ ಸಿಗ್ನಲ್ಲಿನಲ್ಲೇ ಅಡಗಿದೆ ಎಂದರ್ಥ. ಓರೆಗೆರೆ ಎಳೆದ ಕಿವಿಯ ಚಿತ್ರವೂ ಕಿವಿ ಕೇಳದವರಿಗೆ ಅನುಕೂಲವಿದೆಯೆಂದು ಹೇಳುತ್ತದೆ. ನನ್ನ ತಂದೆಯವರಿಗೆ ಕಿವಿ ಮಂದವಾದ ಮೇಲೆ ಅವರು ಸದ್ದನ್ನು ಏರಿಸುತ್ತಲೇ ಹೋಗಿ, ಕೊನೆಗೆ ಟಿವಿ ನೋಡುವುದನ್ನೇ ಬಿಟ್ಟಿದ್ದರು. ಅವರಿಗೆ ಪ್ರಿಯವಾಗಿದ್ದ ವನ್ಯಜೀವಿ ಕಾರ್ಯಕ್ರಮದ ಆರಂಭದಲ್ಲಿ ಪ್ರತಿಸಲವೂ ಆ ಎರಡು ಅಕ್ಷರಗಳು ಬರುತ್ತಿದ್ದವು. ನಾವ್ಯಾರೂ ಅವುಗಳ ಅರ್ಥವನ್ನು ಕೇಳಿಕೊಂಡಿರಲಿಲ್ಲ. ಒಂದು ಸಂಜೆ ರಿಮೋಟಿನ ಸಬ್‌ಟೈಟಲ್ ಗುಂಡಿಯನ್ನು ಒತ್ತಿದಾಗ ಪರದೆಯ ಕೆಳಗೆ ಸಾಲುಗಳು ಮೂಡಿದವು. ಅವರು ಕನ್ನಡಕ ಹಾಕಿಕೊಂಡು, ಕುರ್ಚಿಯನ್ನು ಎರಡಡಿ ಮುಂದಕ್ಕೆಳೆದುಕೊಂಡು ಕುಳಿತರು. ಆ ಸೌಲಭ್ಯ ಅಲ್ಲಿಯವರೆಗೂ ನಮ್ಮ ಕಣ್ಣೆದುರಿಗೇ ಇತ್ತು.

ಈ ಅಕ್ಷರಸಾಲುಗಳಿಗೂ ತಮ್ಮದೇ ಆದ ಸಂಕೇತಗಳಿವೆ. ಸಂಗೀತದ ಸ್ವರಚಿಹ್ನೆ ಕಂಡರೆ ಹಾಡು ನಡೆಯುತ್ತಿದೆ ಎಂದೂ, ಆವರಣದೊಳಗಿನ ಪದಗಳು ಬಾಗಿಲು ತಟ್ಟಿದ್ದು, ಗುಡುಗು ಮುಂತಾದ ಸದ್ದುಗಳೆಂದೂ ತಿಳಿಯಬೇಕು. ಸಾಲಿನ ಆರಂಭದಲ್ಲಿ ಎರಡು ಬಾಣದ ತಲೆಗಳಿದ್ದರೆ ಮಾತನಾಡುವವರು ಬದಲಾಗಿದ್ದಾರೆ, ಮೂರಿದ್ದರೆ ಸುದ್ದಿಯ ವಿಷಯ ಬದಲಾಗಿದೆ ಎಂಬುದು ಅಮೆರಿಕದ ರೂಢಿ. ಆ ದೇಶದಲ್ಲಿ 1980ರ ಮಾರ್ಚ್‌ನಲ್ಲಿ ಈ ಸೇವೆ ನಿಯಮಿತವಾಗಿ ಆರಂಭವಾದಾಗ ಪ್ರತ್ಯೇಕ ಪೆಟ್ಟಿಗೆಯೊಂದನ್ನು ಕೊಳ್ಳಬೇಕಿತ್ತು; 1993ರಿಂದ ಈಚೆಗೆ 13 ಅಂಗುಲ ಮತ್ತು ಅದಕ್ಕಿಂತ ದೊಡ್ಡ ಹೊಸ ಸೆಟ್‌ಗಳಲ್ಲೆಲ್ಲ ಅದು ಒಳಗೇ ಇರಬೇಕೆಂದು ಕಾನೂನು ಮಾಡಲಾಯಿತು. ನೇರ ಪ್ರಸಾರದಲ್ಲಿ ಸಾಲುಗಳು ಮಾತಿಗಿಂತ ಕೆಲವು ಸೆಕೆಂಡು ಹಿಂದೆ ಬರುವುದು ಸಹಜ, ಅದು ನಿಮ್ಮ ಟಿವಿಯ ದೋಷವಲ್ಲ. ‘ಎಡಿ’ ಎಂಬ ಗುರುತಿದ್ದರೆ ದೃಷ್ಟಿ ಇಲ್ಲದವರಿಗಾಗಿ ದೃಶ್ಯವನ್ನು ಮಾತಿನಲ್ಲಿ ವಿವರಿಸುವ ಧ್ವನಿಪಥವಿದೆ; ಭಾಷೆ ಅಥವಾ ಆಡಿಯೋ ಮೆನುವಿನಿಂದ ಅದನ್ನು ಆರಿಸಿಕೊಳ್ಳಬಹುದು.

ಕೆಲವು ಗುರುತುಗಳು ಕಾನೂನಿನ ಒತ್ತಾಯದಿಂದ ಬರುತ್ತವೆ. ಪಾತ್ರಧಾರಿ ಸಿಗರೇಟು ಹಚ್ಚಿದ ಕೂಡಲೇ ಕೆಳಗೆ ತಂಬಾಕಿನ ಎಚ್ಚರಿಕೆ ಮೂಡಿ, ಆ ದೃಶ್ಯ ಮುಗಿದೊಡನೆ ಮಾಯವಾಗುವುದು ಭಾರತದ ನಿಯಮ; 2023ರ ಸೆಪ್ಟೆಂಬರ್ 1ರಿಂದ ಒಟಿಟಿಗೂ ಅದನ್ನು ವಿಸ್ತರಿಸಲಾಗಿದೆ. ಬ್ರಿಟನ್ನಿನಲ್ಲಿ 2011ರ ಫೆಬ್ರವರಿಯಿಂದ ಮೂಲೆಯಲ್ಲಿ ಕಾಣುವ ‘ಪಿ’ ಎಂಬ ಅಕ್ಷರದ ಅರ್ಥ, ಕಥೆಯೊಳಗೆ ಕಾಣುವ ಯಾವುದೋ ವಸ್ತುವನ್ನು ತೋರಿಸಲು ಕಂಪನಿಯೊಂದು ಹಣ ಕೊಟ್ಟಿದೆ ಎಂಬುದು. ಕಾರ್ಯಕ್ರಮದ ಆದಿಯಲ್ಲಿ, ಅಂತ್ಯದಲ್ಲಿ ಮತ್ತು ಜಾಹೀರಾತಿನ ನಂತರ ಕನಿಷ್ಠ ಮೂರು ಸೆಕೆಂಡು ಅದನ್ನು ತೋರಿಸಬೇಕು. ನೋಡುಗರ ಹಕ್ಕನ್ನು ಗೌರವಿಸುವ ಒಳ್ಳೆಯ ಪದ್ಧತಿಯೆಂದು ನಾನು ಇದನ್ನು ಮೆಚ್ಚುತ್ತೇನೆ.

ನೋಡುಗರಿಗೆಂದು ಇಡದ ಗುರುತುಗಳೂ ಇವೆ. ಬ್ರಿಟನ್ನಿನ ವಾಹಿನಿಗಳಲ್ಲಿ ಮೇಲಿನ ಮೂಲೆಯಲ್ಲಿ ಕಾಣಿಸುತ್ತಿದ್ದ ಕಪ್ಪುಬಿಳುಪಿನ ಪುಟ್ಟ ಚೌಕ, ಇನ್ನೊಂದು ನಿಮಿಷಕ್ಕೆ ಜಾಹೀರಾತಿನ ವಿರಾಮವಿದೆಯೆಂದು ಬೇರೆ ಬೇರೆ ಕೇಂದ್ರಗಳ ಸಿಬ್ಬಂದಿಗೆ ತಿಳಿಸುವ ಸೂಚನೆಯಾಗಿತ್ತು. ವಿರಾಮಕ್ಕೆ ಐದು ಸೆಕೆಂಡು ಇರುವಾಗ ಅದು ಅಳಿದುಹೋಗುತ್ತಿತ್ತು. ಇದಕ್ಕಿಂತ ಹಳೆಯದು ಚಲನಚಿತ್ರದ ಚುಕ್ಕೆ. ಹಳೆಯ ಚಿತ್ರವೊಂದನ್ನು ನೋಡುವಾಗ ಮೇಲಿನ ಬಲಮೂಲೆಯ ಮೇಲೆ ಕಣ್ಣಿಡಿ. ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಅಲ್ಲಿ ಒಂದು ಕಪ್ಪು ಅಥವಾ ಬಿಳಿ ಚುಕ್ಕೆ ನಾಲ್ಕೇ ಫ್ರೇಮುಗಳ ಕಾಲ, ಅಂದರೆ ಸೆಕೆಂಡಿನ ಆರನೆಯ ಒಂದು ಭಾಗದಷ್ಟು ಹೊತ್ತು ಮಿನುಗುತ್ತದೆ. ಮನಸ್ಸಿನಲ್ಲಿ ಏಳರವರೆಗೆ ಎಣಿಸುವಷ್ಟರಲ್ಲಿ ಎರಡನೆಯ ಚುಕ್ಕೆ ಬರುತ್ತದೆ. ಮೊದಲನೆಯದನ್ನು ಕಂಡಾಗ ಪ್ರೊಜೆಕ್ಟರ್ ನಡೆಸುವವರು ಎರಡನೆಯ ಯಂತ್ರದ ಮೋಟಾರನ್ನು ಚಾಲೂ ಮಾಡಿ, ಎರಡನೆಯದನ್ನು ಕಂಡೊಡನೆ ಹೊಸ ರೀಲಿಗೆ ದಾಟುತ್ತಿದ್ದರು. ಟಿವಿಗೆ ಬಂದ ಕೆಲವು ಪ್ರತಿಗಳಲ್ಲೂ ಆ ಚುಕ್ಕೆಗಳು ಉಳಿದುಕೊಂಡಿವೆ.

ಬಾಕ್ಸ್ ಬರೆಯುವ ಗುರುತುಗಳಲ್ಲಿ ಜನರನ್ನು ಗಾಬರಿಗೊಳಿಸುವುದು ಚಿತ್ರದ ನಡುವೆಯೇ ಮೂಡುವ ಉದ್ದನೆಯ ಸಂಖ್ಯೆ. ಪ್ರತಿಸಲ ಬೇರೆ ಬೇರೆ ಜಾಗದಲ್ಲಿ ಕಾಣುತ್ತದೆ, ರಿಮೋಟಿನ ಯಾವ ಗುಂಡಿಯನ್ನು ಒತ್ತಿದರೂ ಹೋಗುವುದಿಲ್ಲ, ತಾನಾಗಿಯೇ ಅಳಿಯುತ್ತದೆ. ಟಿವಿಯನ್ನು ಯಾರೋ ಹ್ಯಾಕ್ ಮಾಡಿದ್ದಾರೆಂದು ಹೆದರಬೇಕಿಲ್ಲ. ಇದನ್ನು ಫಿಂಗರ್‌ಪ್ರಿಂಟಿಂಗ್ ಎನ್ನುತ್ತಾರೆ. ಕಾರ್ಯಕ್ರಮವನ್ನು ಪರದೆಯಿಂದ ಕದ್ದು ಚಿತ್ರೀಕರಿಸಿ ಹಂಚಿದರೆ, ಅದು ಯಾವ ಸಂಪರ್ಕದಿಂದ ಸೋರಿತೆಂದು ಆ ಸಂಖ್ಯೆಯಿಂದ ಪತ್ತೆಹಚ್ಚಬಹುದು. ಅನುಮಾನವಿದ್ದರೆ ಸಂಖ್ಯೆಯನ್ನು ಗುರುತು ಹಾಕಿಕೊಂಡು ಬಾಕ್ಸ್‌ನ ಹಿಂಬದಿಯ ಚೀಟಿಯಲ್ಲೋ ವ್ಯೂಯಿಂಗ್ ಕಾರ್ಡಿನ ಮೇಲೋ ಇರುವ ಸಂಖ್ಯೆಯೊಂದಿಗೆ ಹೋಲಿಸಿ ನೋಡಬಹುದು. ಬಾಕ್ಸ್‌ನ ಉಳಿದ ಗುರುತುಗಳು ಸರಳವಾದವು: ಲಕೋಟೆ ಎಂದರೆ ಸೇವೆ ಕೊಡುವವರ ಸಂದೇಶ, ಕೆಂಪು ವೃತ್ತ ಎಂದರೆ ರೆಕಾರ್ಡಿಂಗ್, ಗಡಿಯಾರ ಎಂದರೆ ನೀವೇ ಇಟ್ಟುಕೊಂಡ ನೆನಪೋಲೆ. ಚಾನೆಲ್ ಬದಲಿಸಿದಾಗಲೋ ಹೊಸ ಚಿತ್ರ ಆರಂಭವಾದಾಗಲೋ ಕ್ಷಣಕಾಲ ಕಾಣುವ ‘4ಕೆ’, ‘ಎಚ್‌ಡಿಆರ್’ ಮುಂತಾದವು ಬರುತ್ತಿರುವ ಚಿತ್ರದ ಗುಣಮಟ್ಟವನ್ನಷ್ಟೇ ತಿಳಿಸುತ್ತವೆ.

ಕೊನೆಯದಾಗಿ, ಯಾರೂ ಬರೆಯದ ಒಂದು ಗುರುತಿದೆ. ಒಂದೇ ಚಾನೆಲನ್ನು ದಿನವಿಡೀ ಹಾಕಿಡುವ ಮನೆಗಳಲ್ಲಿ, ಮುಖ್ಯವಾಗಿ ಒಎಲ್‌ಇಡಿ ಮತ್ತು ಹಳೆಯ ಪ್ಲಾಸ್ಮಾ ಟಿವಿಗಳಲ್ಲಿ, ಮೂಲೆಯ ಲೋಗೋ ಅಲುಗಾಡದೆ ನಿಂತು ನಿಂತು ಪರದೆಯಲ್ಲೇ ಅಚ್ಚೊತ್ತಿಬಿಡುತ್ತದೆ. ಅನೇಕ ಚಾನೆಲ್‌ಗಳು ಲೋಗೋವನ್ನು ಅರೆಪಾರದರ್ಶಕವಾಗಿ ಇಡುವುದರಿಂದ ಈ ಅಪಾಯ ತಕ್ಕಮಟ್ಟಿಗೆ ತಗ್ಗುತ್ತದೆ, ಪೂರ್ತಿಯಾಗಿ ಅಲ್ಲ. ಚಾನೆಲ್ ಬದಲಿಸಿದರೂ ಇನ್‌ಪುಟ್ ಬದಲಿಸಿದರೂ ಮಸುಕಾದ ನೆರಳೊಂದು ಉಳಿದರೆ, ಪರದೆ ತುಂಬ ಒಂದೇ ಬೂದು ಬಣ್ಣದ ಚಿತ್ರವನ್ನು ಹಾಕಿ ನೋಡಿ; ಲೋಗೋದ ಆಕಾರ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸೆಟ್ಟಿಂಗ್‌ಗಳಲ್ಲಿ ಲೋಗೋದ ಹೊಳಪನ್ನು ತಗ್ಗಿಸುವ ಆಯ್ಕೆಯಾಗಲಿ, ಚಿತ್ರವನ್ನು ಆಗಾಗ ಕೂದಲೆಳೆಯಷ್ಟು ಸರಿಸುವ ಪಿಕ್ಸೆಲ್ ಶಿಫ್ಟ್ ಆಗಲಿ ಇದ್ದರೆ ಚಾಲೂ ಮಾಡಿ, ಕೆಲವು ದಿನ ಬೇರೆ ಬೇರೆ ಚಿತ್ರಗಳು ಓಡುವಂತೆ ನೋಡಿಕೊಳ್ಳಿ. ತಾತ್ಕಾಲಿಕ ನೆರಳಾದರೆ ಕರಗುತ್ತದೆ. ಕರಗದಿದ್ದರೆ ಅದನ್ನು ಯಾವ ಗುಂಡಿಯಿಂದಲೂ ಅಳಿಸಲಾಗದು, ಪರದೆಯ ಪ್ಯಾನೆಲನ್ನೇ ಬದಲಿಸಬೇಕಾಗುತ್ತದೆ.