ಕವರಿನ ಬೋಲ್ಟ್ ಬಿಗಿಯುವ ಮೊದಲು ಆಯಿಲ್ ಎಲ್ಲಿಂದ ಸೋರುತ್ತಿದೆ ಎಂದು ನೋಡಿ

ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದ ಮಣ್ಣಿನ ದಾರಿಯಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಓಡಾಡುವ ಬೈಕುಗಳ ಕ್ಲಚ್ ಕವರಿನ ಅಂಚಿನಲ್ಲಿ ಧೂಳು ಮತ್ತು ಆಯಿಲ್ ಬೆರೆತ ಕಪ್ಪು ಪದರ ಕಟ್ಟಿರುವುದು ಗಂಗಾವತಿ, ಕಾರಟಗಿ ಕಡೆ ದಿನನಿತ್ಯದ ನೋಟ. ಅದನ್ನು ಕಂಡ ಕೂಡಲೇ ಪಾನಾ ಹಿಡಿದು ಕೈಗೆ ಸಿಕ್ಕ ಬೋಲ್ಟನ್ನು ಇನ್ನಷ್ಟು ತಿರುವುವವರೇ ಬಹಳ. ನಾನು ನೋಡಿರುವ ಮಟ್ಟಿಗೆ, ಬೋಲ್ಟ್ ಸಡಿಲಾಗಿ ಸೋರುವ ಕವರುಗಳಿಗಿಂತ ಅತಿಯಾಗಿ ಅಥವಾ ಒಂದೇ ಬದಿಗೆ ಬಿಗಿದು ಸೋರುವ ಕವರುಗಳೇ ಹೆಚ್ಚು.

ಮೊದಲು ಸೋರಿಕೆಯ ಮೂಲವನ್ನು ಗುರುತಿಸಬೇಕು. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಆದ್ದರಿಂದ ಹನಿ ಬೀಳುವ ಜಾಗ ಒಂದಾದರೆ ಸೋರುವ ಜಾಗ ಅದಕ್ಕಿಂತ ಮೇಲೆ ಅಥವಾ ಮುಂದೆ ಇರುತ್ತದೆ. ಸೀಮೆಎಣ್ಣೆ ಈಗ ಸುಲಭವಾಗಿ ಸಿಗುವುದಿಲ್ಲ, ಸ್ವಲ್ಪ ಡೀಸೆಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ತಣ್ಣಗಿರುವ ಎಂಜಿನ್ನಿನ ಕವರಿನ ಸುತ್ತಲೂ ಉಜ್ಜಿ, ಬಟ್ಟೆಯಿಂದ ಪೂರ್ತಿ ಒರೆಸಿ ಒಣಗಿಸಿದ ಮೇಲೆ ಜೋಡಣೆಯ ಗೆರೆಯುದ್ದಕ್ಕೂ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿ, ಹತ್ತು ನಿಮಿಷ ಎಂಜಿನ್ ಚಾಲೂ ಇಡಿ. ಬಿಳಿ ಪೌಡರಿನ ಮೇಲೆ ಮೊದಲು ಕಪ್ಪಾಗುವ ಚುಕ್ಕೆಯೇ ಮೂಲ. ಆ ಚುಕ್ಕೆ ಕಿಕ್ಕರ್ ಅಥವಾ ಗೇರ್ ಶಾಫ್ಟಿನ ಬುಡದಲ್ಲಿ ಕಂಡರೆ ಆಯಿಲ್ ಸೀಲ್, ಅಂದರೆ ಶಾಫ್ಟಿನ ಸುತ್ತ ಆಯಿಲ್ ತಡೆಯುವ ರಬ್ಬರ್ ಉಂಗುರ, ಹೋಗಿದೆ ಎಂದೇ ಅರ್ಥ; ಅದಕ್ಕೆ ಯಾವ ಬೋಲ್ಟ್ ಬಿಗಿದರೂ ಫಲವಿಲ್ಲ. ಆಯಿಲ್ ಮಟ್ಟ ಗುರುತಿಗಿಂತ ಮೇಲಿದೆಯೇ, ಎಂಜಿನ್ನಿನ ಉಸಿರುಕೊಳವೆ ಕೆಸರಿನಿಂದ ಕಟ್ಟಿಕೊಂಡಿದೆಯೇ ಎಂಬುದನ್ನೂ ನೋಡಬೇಕು. ಒಳಗಿನ ಒತ್ತಡಕ್ಕೆ ಹೊರದಾರಿ ಇಲ್ಲದಿದ್ದರೆ ಅದು ಕವರು ಮತ್ತು ಎಂಜಿನ್ನಿನ ನಡುವೆ ಕೂರುವ ಒಳ್ಳೆಯ ಪ್ಯಾಕಿಂಗನ್ನೂ (ಗ್ಯಾಸ್ಕೆಟ್) ದಾಟಿ ಆಯಿಲನ್ನು ಹೊರಗೆ ತಳ್ಳುತ್ತದೆ.

ಬಿಗಿಯುವ ಕೆಲಸವನ್ನು ಬೆಳಿಗ್ಗೆ, ಗಾಡಿ ರಾತ್ರಿಯಿಡೀ ನಿಂತು ಆರಿದ ಮೇಲೆ ಮಾಡಿ. ಅಲ್ಯೂಮಿನಿಯಂ ಬಿಸಿಯಾದಾಗ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ, ಬಿಸಿ ಎಂಜಿನ್ನಿನಲ್ಲಿ ಬೋಲ್ಟ್ ಆಗಲೇ ಎಳೆದುಕೊಂಡಿರುತ್ತದೆ. ಆಗ ಕೈಗೆ ಬಿಗಿಯಾಗಿ ಕಂಡದ್ದು ತಣ್ಣಗಾದಾಗ ಸಡಿಲಗೊಳ್ಳುತ್ತದೆ. ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಹೊರಗೆ ನಿಲ್ಲಿಸಿದ ಗಾಡಿ, ಓಡಿಸದಿದ್ದರೂ, ತಣ್ಣಗಿದೆ ಎಂದು ತಿಳಿಯಬಾರದು.

ಸಾಮಾನ್ಯ ಬೈಕುಗಳ ಪಕ್ಕದ ಕವರಿನಲ್ಲಿರುವುದು 6 ಮಿ.ಮೀ. ಬೋಲ್ಟುಗಳು, ಅವುಗಳ ತಲೆಗೆ 8 ಅಥವಾ 10ರ ಪಾನಾ ಕೂರುತ್ತದೆ. ಇವುಗಳಿಗೆ ಬೇಕಾದ ಬಿಗಿತ ಸಾಮಾನ್ಯವಾಗಿ 10 ನ್ಯೂಟನ್ ಮೀಟರಿನ ಆಸುಪಾಸು, ಅಂದರೆ ಬೋಲ್ಟಿನಿಂದ 10 ಸೆಂ.ಮೀ. ದೂರದಲ್ಲಿ ಸುಮಾರು 10 ಕಿಲೋ ತೂಕದಷ್ಟು ಎಳೆತ. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ. ಉದ್ದ ಹಿಡಿಯ ಪಾನಾ ಬೇಡ, ಅದಕ್ಕೆ ಪೈಪ್ ಸಿಕ್ಕಿಸುವುದಂತೂ ಬೇಡವೇ ಬೇಡ.

ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದ ಕೂರಿಸಿ, ಬಳಿಕ ಒಂದನ್ನು ಬಿಗಿದರೆ ಮುಂದಿನದು ಅದರ ಎದುರು ಮೂಲೆಯದಾಗಿರಲಿ. ಮೊದಲ ಸುತ್ತಿನಲ್ಲಿ ಅರ್ಧ ಬಿಗಿತ, ಎರಡನೆಯದರಲ್ಲಿ ಮುಕ್ಕಾಲು, ಮೂರನೆಯದರಲ್ಲಿ ಪೂರ್ತಿ. ಈ ಬೋಲ್ಟಿನ ಒಂದು ಸುತ್ತಿಗೆ ಅದು ಒಂದು ಮಿ.ಮೀ. ಒಳಗೆ ಹೋಗುವುದರಿಂದ ಕಾಲು ಸುತ್ತೂ ತೆಳುವಾದ ಕಾಗದದ ಪ್ಯಾಕಿಂಗಿಗೆ ಸಣ್ಣ ಮಾತಲ್ಲ. ಒಂದು ಬದಿಯನ್ನು ಮೊದಲೇ ಪೂರ್ತಿ ಎಳೆದರೆ ಕವರಿನ ತೆಳು ಅಂಚು ಬಾಗಿ, ಎರಡು ಬೋಲ್ಟುಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಎಂಜಿನ್ನಿನ ಮೇಲ್ತುದಿಯ ಹೆಡ್ ಕವರಿನ ಕೆಲವು ಬೋಲ್ಟುಗಳಿಗೆ ನಡುವೆ ಮೆಟ್ಟಿಲಿನಂಥ ತಡೆ ಇರುತ್ತದೆ. ಆ ಮೆಟ್ಟಿಲು ತಾಗಿದ ಮೇಲೂ ತಿರುಗಿಸಿದರೆ ಆ ಕವರಿನ ರಬ್ಬರ್ ಪ್ಯಾಕಿಂಗ್ ಇನ್ನಷ್ಟು ಒತ್ತಿಕೊಳ್ಳುವುದಿಲ್ಲ, ಬೋಲ್ಟೇ ಮುರಿಯುತ್ತದೆ.

ಭತ್ತದ ಕೊಯ್ಲಿನ ಅವಸರದಲ್ಲಿ ನಾನೇ ಒಮ್ಮೆ ಹೀಗೆ ತಪ್ಪಿದ್ದೇನೆ. ಬಿಗಿಯಾಗುತ್ತ ಬಂದ ಬೋಲ್ಟ್ ಇದ್ದಕ್ಕಿದ್ದಂತೆ ಬೆಣ್ಣೆಯಲ್ಲಿ ಹೊಕ್ಕಂತೆ ಹಗುರವಾಗಿ ತಿರುಗಿತು. ಹೊರಗೆಳೆದು ನೋಡಿದರೆ ಅದರ ಸುತ್ತ ಅಲ್ಯೂಮಿನಿಯಂ ಥ್ರೆಡ್ಡು ಸ್ಪ್ರಿಂಗಿನಂತೆ ಸುತ್ತಿಕೊಂಡಿತ್ತು. ಇನ್ನೂ ದಪ್ಪ ಬೋಲ್ಟ್ ಹೊಡೆಯುವ ಬದಲು, ಲೇಥ್ ಅಂಗಡಿಯಲ್ಲಿ ತೂತನ್ನು ಹಿಗ್ಗಿಸಿ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ಡಾಗಿ ನಿಲ್ಲುವ ತಂತಿಯ ಸುರುಳಿ, ಕೂರಿಸಿದರೆ ಹಳೆಯ ಅಳತೆಯ ಬೋಲ್ಟೇ ಬರುತ್ತದೆ.

ಸರಿಯಾಗಿ ಬಿಗಿದ ಮೇಲೂ ಜಿನುಗಿದರೆ ಆಯಿಲ್ ಇಳಿಸಿ, ಕವರ್ ಬಿಚ್ಚಿ, ಪ್ಯಾಕಿಂಗ್ ಬದಲಿಸಬೇಕು. ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲವಾದ್ದರಿಂದ ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೂತು ಚುಚ್ಚಿ, ಬಿಚ್ಚಿದ ಬೋಲ್ಟನ್ನು ಅದರ ಜಾಗದಲ್ಲೇ ಸಿಕ್ಕಿಸಿಡಿ. ಹಳೆಯ ಪ್ಯಾಕಿಂಗಿನ ಚೂರನ್ನು ಸ್ಕ್ರೂಡ್ರೈವರಿನಿಂದ ಕೆರೆಯದೆ ಪ್ಲಾಸ್ಟಿಕ್ ಪಟ್ಟಿಯಿಂದ ತೆಗೆಯಿರಿ. ಅಲ್ಲಿ ಬಿದ್ದ ಒಂದು ಗೀರು ಹೊಸ ಸೋರಿಕೆಗೆ ದಾರಿಯಾಗುತ್ತದೆ. ಕಾಗದದ ಪ್ಯಾಕಿಂಗಿನ ಮೇಲೆ ಸಿಲಿಕಾನ್ ಪೇಸ್ಟನ್ನು ಧಾರಾಳವಾಗಿ ಮೆತ್ತಿದರೆ ಹೆಚ್ಚಾದದ್ದು ಒಳಗೆ ಉದುರಿ ಆಯಿಲ್ ಜಾಲರಿಗೆ ಅಡ್ಡವಾಗುತ್ತದೆ. ಹೊಸ ಪ್ಯಾಕಿಂಗ್ ಹಾಕಿ, ಆಯಿಲ್ ತುಂಬಿ, ಎರಡು ಮೂರು ದಿನ ಓಡಿಸಿದ ನಂತರ, ಮತ್ತೆ ತಣ್ಣಗಿರುವಾಗ, ಅದೇ ಎದುರುಬದುರಿನ ಕ್ರಮದಲ್ಲಿ ಬಿಗಿತವನ್ನು ಒಮ್ಮೆ ಪರೀಕ್ಷಿಸಿ.