ಹತ್ತು ಎಕರೆ ಹೊಲ, ಐದು ಮೂಲೆ: ನನ್ನ ಅನುಭವ

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ ನಮ್ಮದು ಹತ್ತು ಎಕರೆ ಎರೆ ಹೊಲ. ಹತ್ತಿ ಎಷ್ಟು, ತೊಗರಿ ಎಷ್ಟು ಎಂಬ ಮಾತು ಪ್ರತಿ ವರ್ಷ ಕಾರಹುಣ್ಣಿಮೆಯ ಹೊತ್ತಿಗೆ ಮನೆಯಲ್ಲಿ ಏಳುತ್ತದೆ. ದ್ವಿತೀಯ ಪಿಯುಸಿ ಪರೀಕ್ಷೆ ಬರೆದ ವರ್ಷ ಆ ಮಾತಿಗೆ ನಾನು ಲೀನಿಯರ್ ಪ್ರೋಗ್ರಾಮಿಂಗನ್ನು, ಅಂದರೆ ಇರುವ ಮಿತಿಗಳೊಳಗೇ ಅತಿ ಹೆಚ್ಚು ಲಾಭ ಹುಡುಕುವ ಗಣಿತದ ವಿಧಾನವನ್ನು, ತಂದೆ.

ಹತ್ತಿಯ ಎಕರೆಗಳನ್ನು ಹ, ತೊಗರಿಯ ಎಕರೆಗಳನ್ನು ತ ಎಂದಿಟ್ಟುಕೊಂಡೆ. ಹೊಲದ ಮಿತಿಯಿಂದ ಹ + ತ ≤ 10. ಅಪ್ಪನ ಲೆಕ್ಕದಲ್ಲಿ ಎಕರೆಗೆ ಹತ್ತಿಗೆ 20 ಸಾವಿರ, ತೊಗರಿಗೆ 10 ಸಾವಿರ ಖರ್ಚು. ಕೈಯಲ್ಲಿದ್ದದ್ದು 1 ಲಕ್ಷ 60 ಸಾವಿರ. ಆದ್ದರಿಂದ 2ಹ + ತ ≤ 16. ಹತ್ತಿ ಬಿಡಿಸಲು ಆಳು ಸಿಗುವುದು ಕಷ್ಟವಾದ್ದರಿಂದ ಹ ≤ 7. ಎರಡೂ ಸೊನ್ನೆಗಿಂತ ಕಡಿಮೆಯಾಗುವಂತಿಲ್ಲ ಎಂಬುದನ್ನು ಬರೆಯಲು ಹೆಚ್ಚಿನವರು ಮರೆಯುತ್ತಾರೆ. ನಾನೂ ಮೊದಲು ಮರೆತಿದ್ದೆ. ಎಕರೆಗೆ ಹತ್ತಿಯಿಂದ 25 ಸಾವಿರ, ತೊಗರಿಯಿಂದ 15 ಸಾವಿರ ಲಾಭವೆಂದು ಹಿಡಿದರೆ, ಹೆಚ್ಚಿಸಬೇಕಾದ ಮೊತ್ತ 25ಹ + 15ತ.

ಗ್ರಾಫ್ ಹಾಳೆಯಲ್ಲಿ ಗೆರೆಗಳನ್ನು ಎಳೆದು, ಅವು ಕೂಡುವ ಬಿಂದುಗಳಲ್ಲೆಲ್ಲ ಲಾಭ ನೋಡುತ್ತ ಹೋದೆ. ಹ = 7 ಮತ್ತು ಹ + ತ = 10 ಗೆರೆಗಳು (7, 3)ರಲ್ಲಿ ಕೂಡಿದವು; ಅಲ್ಲಿ ಲಾಭ 2 ಲಕ್ಷ 20 ಸಾವಿರ. ಹಿಗ್ಗಿನಿಂದ ಅಪ್ಪನಿಗೆ ಹೇಳಿದೆ. ಅವರು ಬೆರಳು ಮಡಚಿ, ಏಳಕ್ಕೆ ಒಂದು ಲಕ್ಷ ನಲವತ್ತು, ಮೂರಕ್ಕೆ ಮೂವತ್ತು, ಒಟ್ಟು ಒಂದು ಲಕ್ಷ ಎಪ್ಪತ್ತು ಸಾವಿರ. ಮೇಲಿನ ಹತ್ತು ಸಾವಿರ ಯಾರು ಕೊಡುತ್ತಾರೆ ಎಂದು ಕೇಳಿದರು. ಗೆರೆಗಳು ಕೂಡಿದ ಮಾತ್ರಕ್ಕೆ ಆ ಬಿಂದು ಮೂಲೆಯಾಗುವುದಿಲ್ಲ, ಅದು ಎಲ್ಲ ಅಸಮತೆಗಳನ್ನೂ (ಮೇಲೆ ಬರೆದ ಮಿತಿಗಳನ್ನೂ) ಪಾಲಿಸಬೇಕು ಎಂಬ ಪಾಠದ ಸಾಲು ಆಗ ನೆನಪಿಗೆ ಬಂತು.

ಮತ್ತೆ ಕುಳಿತು ಒಂದೊಂದೇ ಬಿಂದುವನ್ನು ಅಸಮತೆಗಳಲ್ಲಿ ಹಾಕಿ ನೋಡಿದೆ. ಅಕ್ಷಗಳೂ ಸೇರಿ ಐದು ಗೆರೆಗಳು ಒಟ್ಟು 9 ಕಡೆ ಕೂಡುತ್ತವೆ. ಅವುಗಳಲ್ಲಿ (0, 16), (10, 0), (8, 0), (7, 3) ಹೊರಗುಳಿದವು. ಉಳಿದ ಐದರಲ್ಲಿ ಮೂಲಬಿಂದುವಿನಲ್ಲಿ ಲಾಭ ಸೊನ್ನೆ, (7, 0)ರಲ್ಲಿ 1 ಲಕ್ಷ 75 ಸಾವಿರ, (7, 2)ರಲ್ಲಿ 2 ಲಕ್ಷ 5 ಸಾವಿರ, (6, 4)ರಲ್ಲಿ 2 ಲಕ್ಷ 10 ಸಾವಿರ, (0, 10)ರಲ್ಲಿ 1 ಲಕ್ಷ 50 ಸಾವಿರ. ಬಿಂದುಗಳನ್ನು ಗ್ರಾಫಿನಿಂದ ಕಣ್ಣಂದಾಜಿನಲ್ಲಿ ಓದದೆ, ಸಮೀಕರಣ ಬಿಡಿಸಿಯೇ ಪಡೆಯಬೇಕು. ಪೆನ್ಸಿಲ್ ಮೊಂಡಾಗಿದ್ದರೆ 6 ಹೋಗಿ ಆರೂವರೆ ಆಗುತ್ತದೆ.

ಮೂಲೆಗಳನ್ನಷ್ಟೇ ನೋಡಿದರೆ ಏಕೆ ಸಾಕು ಎಂಬುದು ನನಗೆ ಹೊಳೆದದ್ದು ಸ್ಕೇಲಿನಿಂದ. ಒಂದೇ ಲಾಭ ಕೊಡುವ ಬಿಂದುಗಳೆಲ್ಲ ಒಂದು ಓರೆ ಗೆರೆಯ ಮೇಲಿರುತ್ತವೆ. ಆ ಓರೆಯಲ್ಲೇ ಸ್ಕೇಲನ್ನಿಟ್ಟು ಲಾಭ ಹೆಚ್ಚುವ ಕಡೆಗೆ ಜಾರಿಸಿದರೆ, ಅದು ಎಲ್ಲ ಅಸಮತೆಗಳನ್ನೂ ಪಾಲಿಸುವ ಬಿಂದುಗಳ ಪ್ರದೇಶವನ್ನು ಬಿಡುವ ಮುನ್ನ ಕೊನೆಯದಾಗಿ ತಾಗುವುದು ಒಂದು ಮೂಲೆಗೆ, ಇಲ್ಲವೇ ಎರಡು ಮೂಲೆಗಳ ನಡುವಿನ ಇಡೀ ಅಂಚಿಗೆ. ಗೆರೆ, ಮೂಲೆಗಳು ಹೆಚ್ಚಾದಾಗ ಎಲ್ಲವನ್ನೂ ಹೀಗೆ ಪರೀಕ್ಷಿಸುವುದು ಆಗದ ಮಾತು. ಅಮೆರಿಕದ ಗಣಿತಜ್ಞ ಜಾರ್ಜ್ ಡ್ಯಾಂಟ್‌ಜಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನ ಒಂದು ಮೂಲೆಯಿಂದ ಅದರ ಪಕ್ಕದ ಉತ್ತಮ ಮೂಲೆಗೆ ಸಾಗುತ್ತದೆ.

ಹತ್ತಿಯ ಲಾಭ 30 ಸಾವಿರಕ್ಕೆ ಏರಿದರೆ ಏನಾಗುತ್ತದೆ ಎಂದೂ ನೋಡಿದೆ. ಆಗ ಲಾಭದ ಗೆರೆ 2ಹ + ತ = 16ಕ್ಕೆ ಸಮಾಂತರವಾಗಿ, (7, 2) ಮತ್ತು (6, 4) ಎರಡರಲ್ಲೂ 2 ಲಕ್ಷ 40 ಸಾವಿರವೇ ಬಂತು; ನಡುವಿನ (6.5, 3)ರಲ್ಲಿಯೂ ಅಷ್ಟೇ. ಎರಡರಲ್ಲಿ ಯಾವುದು ಎಂದು ಅಪ್ಪನನ್ನು ಕೇಳಿದರೆ, ಹತ್ತಿ ಬಿಡಿಸುವ ಆಳು ಕಡಿಮೆ ಸಾಕು, ಒಂದೆಕರೆಯೂ ಬೀಳು ಬೀಳುವುದಿಲ್ಲ ಎಂದು ಆರು ಮತ್ತು ನಾಲ್ಕಕ್ಕೇ ಬೀಜ ತಂದರು.